ಕುರುಚಲು ಕಾಡಿನ ಋತುಗಳು

ಕಾಡು ಎಂದೊಡನೆ ಹಲವರ ಮನಸ್ಸಿನಲ್ಲಿ ಮೂಡುವುದು ಮಲೆನಾಡಿನ ಚಿತ್ರ. ಮುಗಿಲು ಮುಟ್ಟುವ ಮರಗಳು, ಬಿಸಿಲು ನುಸುಳದ ನೆರಳು, ಸದಾ ಹರಿಯುವ ತೊರೆಗಳು ಇದ್ದರೆ ಮಾತ್ರ ಅದು ಕಾಡು ಎಂಬ ಭಾವನೆ ಬೇರೂರಿದೆ. ಆದರೆ ಬಯಲುಸೀಮೆಗೂ ತನ್ನದೇ ಆದ ಕಾಡುಂಟು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಂಥ ಊರುಗಳು ಕಬ್ಬಿನ ಗದ್ದೆಗಳಿಗೆ ಹೆಸರಾದವು. ಅದೇ ತಾಲ್ಲೂಕಿನ ನಾರಾಯಣದುರ್ಗದ ಕಡೆಗೋ, ನೆರೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಡೆಗೋ ಸಾಗಿದರೆ ನೀರಾವರಿಯ ಹಸುರು ಹಿಂದೆ ಸರಿಯುತ್ತದೆ. ಹೆಬ್ಬಂಡೆಗಳ ನಡುವೆ ಕಾರೆ, ಕವಳೆ, ಎಲಚಿಯ ಮುಳ್ಳುಪೊದೆಗಳೂ ದಿಂಡಿಗ, ಕಗ್ಗಲಿ, ಮುತ್ತುಗದ ಗಿಡ್ಡಮರಗಳೂ ಎದುರಾಗುತ್ತವೆ. ಇದೇ ಕುರುಚಲು ಕಾಡು.

ಈ ಬೆಟ್ಟಸಾಲಿನ ಸುಮಾರು 50 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ‘ಮೇಲುಕೋಟೆ ದೇವಾಲಯ ವನ್ಯಜೀವಿಧಾಮ’ವೆಂದು ಘೋಷಿಸಲಾಯಿತು. ತೋಳದ ರಕ್ಷಣೆ ಅದರ ಮುಖ್ಯ ಉದ್ದೇಶಗಳಲ್ಲೊಂದು. ಆದರೂ ಮೇಲುಕೋಟೆಗೆ ಹೋಗಿ ಬಂದವರಲ್ಲಿ ಆ ಕಾಡನ್ನು ಕಂಡವರು ವಿರಳ. ವೈರಮುಡಿ ಉತ್ಸವ ನಡೆಯುವುದು ಫಾಲ್ಗುಣ ಮಾಸದಲ್ಲಿ. ಸಾವಿರಾರು ಜನ ಬೆಟ್ಟವೇರುವ ಆ ದಿನಗಳಲ್ಲಿ ಮರಗಳು ಎಲೆಯುದುರಿಸಿ, ಹುಲ್ಲು ಒಣಗಿ, ನೆಲ ಬಿರುಕುಬಿಟ್ಟಿರುತ್ತದೆ. ವರ್ಷಕ್ಕೊಮ್ಮೆ ಬರುವವನ ಕಣ್ಣಿಗೆ ಅದು ಸತ್ತ ಕಾಡು. ವರ್ಷವಿಡೀ ನೋಡುವವನಿಗೆ ಮಾತ್ರ ಅದು ಉಸಿರು ಬಿಗಿಹಿಡಿದು ಕುಳಿತಿರುವ ಕಾಡೆಂದು ತಿಳಿಯುತ್ತದೆ.

ಎಲೆಯುದುರುವುದು ಸಾವಿನ ಲಕ್ಷಣವಲ್ಲ, ಮಿತವ್ಯಯದ ಉಪಾಯ. ಮರದ ನೀರಿನಲ್ಲಿ ಬಹುಭಾಗ ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ನೆಲದ ತೇವ ಆರಿದಾಗ ಎಲೆಗಳನ್ನು ಕಳಚಿದ ಮರವು ಉಳಿದ ನೀರನ್ನು ಕಾಂಡದಲ್ಲಿಯೂ ಬೇರಿನಲ್ಲಿಯೂ ಕಾಪಾಡಿಕೊಳ್ಳುತ್ತದೆ. ಆ ಬೋಳು ಕೊಂಬೆಗಳ ಮೇಲೆಯೇ ಮುತ್ತುಗ ಕೆಂಡದಂತೆ ಹೂಬಿಡುತ್ತದೆ. ಗಿಳಿಯ ಕೊಕ್ಕಿನಂತಿರುವ ಈ ಹೂವನ್ನು ಕಂಡು ‘ಇದು ಗಿಳಿಯೇನು?’ ಎಂಬ ಅರ್ಥದಲ್ಲಿ ಸಂಸ್ಕೃತದವರು ಅದಕ್ಕೆ ಕಿಂಶುಕವೆಂದು ಹೆಸರಿಟ್ಟರು. ಎಲೆಗಳ ಮರೆಯಿಲ್ಲದ ಹೂವು ದೂರಕ್ಕೂ ಕಾಣುವುದರಿಂದ ಗೊರವಂಕ, ಸೂರಕ್ಕಿಗಳು ಮಕರಂದವನ್ನರಸಿ ಬಂದು ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುತ್ತವೆ. ಚೈತ್ರದಲ್ಲಿ, ಮಳೆಗೆ ಮುನ್ನವೇ, ಹೊಂಗೆ ಹೊಸ ಚಿಗುರು ತಳೆಯುತ್ತದೆ. ಆಳಕ್ಕಿಳಿದ ಬೇರುಗಳು ಅದಕ್ಕೆ ನೀರೂಡಿಸುತ್ತವೆ. ಬಿರುಬೇಸಗೆಯಲ್ಲಿ ಕಕ್ಕೆಯ ಮರ ಹೊನ್ನಿನ ಗೊಂಚಲುಗಳನ್ನು ಇಳಿಬಿಡುತ್ತದೆ.

ಈ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅದೂ ಎರಡು ಕಂತುಗಳಲ್ಲಿ ಬರುತ್ತದೆ. ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲಿನೊಡನೆ ಮೇ ತಿಂಗಳಲ್ಲಿ ಮೊದಲ ಕಂತನ್ನು ತರುತ್ತವೆ. ಬಳಿಕ ಬರುವ ಮುಂಗಾರಿನ ಮೋಡಗಳು ಪಶ್ಚಿಮಘಟ್ಟದಲ್ಲಿಯೇ ತಮ್ಮ ಭಾರವನ್ನು ಇಳಿಸಿ, ಇಲ್ಲಿಗೆ ತುಂತುರನ್ನಷ್ಟೇ ತಲುಪಿಸುತ್ತವೆ. ಉತ್ತರೆ, ಹಸ್ತ, ಚಿತ್ತೆಯ ದಿನಗಳಲ್ಲಿ ಎರಡನೆಯ ಕಂತು ಸುರಿಯುತ್ತದೆ. ಮೊದಲ ಮಳೆಯ ಸಂಜೆ ಹುತ್ತಗಳಿಂದ ಈಸಲುಹುಳುಗಳು ಮೋಡದಂತೆ ಏಳುತ್ತವೆ. ಹಕ್ಕಿ, ಹಲ್ಲಿ, ಕಪ್ಪೆಗಳಿಗೆಲ್ಲ ಅಂದು ಹಬ್ಬ. ವಾರ ಕಳೆಯುವುದರೊಳಗೆ ಕಂದು ಬೆಟ್ಟ ಹಸುರಾಗುತ್ತದೆ. ನವಿಲುಗಳು ಗರಿಗೆದರಿ ಕುಣಿಯುತ್ತವೆ. ಮಳೆಗಾಲ ಕಳೆಯುತ್ತ ಬಂದಂತೆ ಆ ಉದ್ದ ಗರಿಗಳನ್ನು ಉದುರಿಸುತ್ತವೆ. ಶರತ್ಕಾಲದಲ್ಲಿ ಎದೆಯೆತ್ತರದ ಹುಲ್ಲು ತೆನೆಬಿಟ್ಟು ತೂಗುತ್ತದೆ.

ಮಾಗಿಯ ಚಳಿಯೊಡನೆ ಅತಿಥಿಗಳ ಆಗಮನ. ಉತ್ತರದಿಂದ ಬಂದ ನವರಂಗ ಹಕ್ಕಿ ತರಗೆಲೆಗಳನ್ನು ಕೆದಕುತ್ತ ಹುಳುಗಳನ್ನು ಹುಡುಕುತ್ತದೆ. ಕೆರೆಯಂಚಿನಲ್ಲಿ ಸಿಪಿಲೆಗಳು ಬಾಲ ಕುಣಿಸುತ್ತವೆ. ತೋಳವು ಬಿಲಗಳಲ್ಲಿಯೂ ಬಂಡೆಗಳ ಪೊಟರೆಗಳಲ್ಲಿಯೂ ಮರಿಹಾಕುವುದು ಈ ಕಾಲದಲ್ಲಿಯೇ. ಮತ್ತೆ ಎಲೆಗಳು ಹಳದಿಯಾಗಿ, ಒಂದೊಂದಾಗಿ ಕಳಚಿ, ಚಕ್ರ ಪೂರ್ಣಗೊಳ್ಳುತ್ತದೆ.

ಈ ಚಕ್ರವನ್ನು ಅರಿಯದವರು ಕುರುಚಲು ಕಾಡನ್ನು ಪಾಳುಭೂಮಿಯೆಂದು ಬಗೆಯುತ್ತಾರೆ. ಆ ತಪ್ಪು ತಿಳಿವಳಿಕೆಯಿಂದ ಎರಡು ಕೇಡುಗಳು ಹುಟ್ಟುತ್ತವೆ. ಮೊದಲನೆಯದು ಬೆಂಕಿ. ಒಣಹುಲ್ಲನ್ನು ಸುಟ್ಟರೆ ಎಳೆಹುಲ್ಲು ಚೆನ್ನಾಗಿ ಚಿಗುರುವುದೆಂದು ಕೆಲವರು ಕಿಚ್ಚಿಡುತ್ತಾರೆ. ಕೆಲವೆಡೆ ಆರಿಸದೆ ಎಸೆದ ಬೀಡಿಯೊಂದೇ ಸಾಕಾಗುತ್ತದೆ. ಹುಲ್ಲೇನೋ ಚಿಗುರುತ್ತದೆ. ಆದರೆ ಮರಗಳ ಸಸಿಗಳೂ ನೆಲದಲ್ಲಿ ಗೂಡುಕಟ್ಟುವ ಕೌಜುಗದ ಮೊಟ್ಟೆಗಳೂ ಸುಟ್ಟುಹೋಗುತ್ತವೆ. ಹೊದಿಕೆಯಿಲ್ಲದ ಮಣ್ಣನ್ನು ಭರಣಿಯ ಮೊದಲ ಜಡಿಮಳೆಯೇ ಕೊಚ್ಚಿಕೊಂಡು ಕೆರೆಗೆ ತುಂಬುತ್ತದೆ. ಎರಡನೆಯದು ಸದುದ್ದೇಶದಿಂದಲೇ ಆಗುವ ಕೇಡು. ಬೋಳು ಬಯಲನ್ನು ‘ಹಸುರಾಗಿಸಲು’ ನೀಲಗಿರಿಯಂಥ ಒಂದೇ ಜಾತಿಯ ಮರಗಳನ್ನು ಒತ್ತಾಗಿ ನೆಟ್ಟರೆ, ಓಡಿ ಬೇಟೆಯಾಡುವ ತೋಳಕ್ಕೆ ಬೇಕಾದ ತೆರೆದ ಹುಲ್ಲುನೆಲ ಉಳಿಯುವುದಿಲ್ಲ. ತೋಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಆದರೆ ಮನೆಯನ್ನು ಕಳೆದುಕೊಂಡ ಪ್ರಾಣಿಯನ್ನು ಕಾಯಿದೆಯೊಂದೇ ಬದುಕಿಸಲಾರದು.

ಕಾಡಿನ ಬದುಕು ಪರಸ್ಪರ ಅವಲಂಬನೆಯದು. ಇಂಥ ಒಣಕಾಡುಗಳಲ್ಲಿ ಬೆಳೆಯುವ ಶ್ರೀಗಂಧವೇ ಇದಕ್ಕೆ ಸಾಕ್ಷಿ. ಅದರ ಬೇರು ನೆರೆಯ ಗಿಡಗಳ ಬೇರಿಗೆ ಅಂಟಿಕೊಂಡು ನೀರನ್ನೂ ಲವಣಗಳನ್ನೂ ಪಡೆಯುತ್ತದೆ. ಹಣ್ಣು ತಿಂದ ಪಿಕಳಾರ ಅದರ ಬೀಜವನ್ನು ದೂರಕ್ಕೆ ಬಿತ್ತುತ್ತದೆ. ನೆರೆಯ ಪೊದೆಯನ್ನು ನಿಷ್ಪ್ರಯೋಜಕವೆಂದು ಕಡಿದರೆ ಗಂಧವೂ ಸೊರಗುತ್ತದೆ.

ಪ್ರಕೃತಿಯ ಪರಿಚಯಕ್ಕೆ ದೂರದ ಯಾತ್ರೆ ಬೇಕಿಲ್ಲ. ಮೇಲುಕೋಟೆಯಲ್ಲಿ ಜನಿಸಿದ ಕವಿ ಪು. ತಿ. ನರಸಿಂಹಾಚಾರ್ (1905–1998) ಅವರು ಈ ಬೆಟ್ಟಗಳ ಮಡಿಲಲ್ಲಿಯೇ ಬೆಳೆದವರು. ಶಾಲೆಗೆ ಹೋಗುವ ದಾರಿಯಲ್ಲಿರುವ ಒಂದು ಮುತ್ತುಗವನ್ನೋ ಹೊಂಗೆಯನ್ನೋ ಆರಿಸಿಕೊಂಡು, ಅದು ಎಂದು ಎಲೆ ಕಳಚಿತು, ಎಂದು ಚಿಗುರಿತು, ಯಾವ ಹಕ್ಕಿ ಬಂದಿತು ಎಂಬುದನ್ನು ವಿದ್ಯಾರ್ಥಿಯೊಬ್ಬನು ಒಂದು ವರ್ಷ ಬರೆದಿಟ್ಟರೆ ಸಾಕು. ಮರುವರ್ಷ ಫಾಲ್ಗುಣದಲ್ಲಿ ಆ ಮರ ಬೋಳಾದಾಗ ಅದು ಸತ್ತಿತೆಂದು ಅವನು ಹೇಳಲಾರ; ಅದಕ್ಕೆ ಕಿಚ್ಚಿಡುವ ಕೈಯನ್ನು ತಡೆಯದೆ ಇರಲಾರ.