ಹರಿದ ಮುಖ, ಕೂದಲಿಗಿಂತ ತೆಳುವಾದ ದಾರ

ಮುಖದ ಚರ್ಮ ಹರಿದಾಗ ಕಣ್ಣಿಗೆ ಬೀಳುವುದು ರಕ್ತವಾದರೂ, ಗಾಯಾಳುವಿನ ಮುಂದಿನ ಬದುಕನ್ನು ನಿರ್ಧರಿಸುವುದು ಆ ಚರ್ಮದ ಅಡಿಯಲ್ಲಿ ತುಂಡಾಗಿರಬಹುದಾದ ಎರಡು ಎಳೆಗಳು. ಕಿವಿಯ ಮುಂದೆ ಐದು ಕವಲುಗಳಾಗಿ ಒಡೆದು ಹುಬ್ಬು, ರೆಪ್ಪೆ, ತುಟಿಗಳನ್ನು ಆಡಿಸುವ ಮುಖನರ ಒಂದು, ಕೆನ್ನೆಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ನಾಳ ಇನ್ನೊಂದು. ಮೇಲಿನ ಚರ್ಮವನ್ನಷ್ಟೇ ಹೊಲಿದು ಕಳಿಸಿದರೆ ಗಾಯ ಮಾಯುತ್ತದೆ, ಆದರೆ ರೆಪ್ಪೆ ಮುಚ್ಚದೆ ಕಣ್ಣು ಒಣಗಬಹುದು, ನಗು ಒಂದೇ ಬದಿಗೆ ಎಳೆಯಬಹುದು, ಊಟಕ್ಕೆ ಕುಳಿತಾಗಲೆಲ್ಲ ಕೆನ್ನೆ ಬಾತುಕೊಳ್ಳಬಹುದು.

ಇಂಥ ಎಳೆಗಳನ್ನು ಸೂಕ್ಷ್ಮದರ್ಶಕದಡಿ ಹಿಗ್ಗಿಸಿ ನೋಡುತ್ತ, ಕೂದಲೆಳೆಯ ಅರ್ಧಕ್ಕಿಂತಲೂ ತೆಳುವಾದ ದಾರದಿಂದ ತುದಿಗೆ ತುದಿ ಕೂಡಿಸುವ ವಿದ್ಯೆಯೇ ಸೂಕ್ಷ್ಮ ಶಸ್ತ್ರಚಿಕಿತ್ಸೆ. 1960ರಲ್ಲಿ ಅಮೆರಿಕದ ಜೇಕಬ್‌ಸನ್ ಮತ್ತು ಸ್ವಾರೆಸ್ ಸಣ್ಣ ರಕ್ತನಾಳಗಳನ್ನು ಹೀಗೆ ಹೊಲಿದು ತೋರಿಸಿದ ಮೇಲೆ ಅದು ಬೆಳೆಯಿತು. ಅದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಭಾರತದ್ದೇ ಸಾಕ್ಷ್ಯವಿದೆ: 1994ರಲ್ಲಿ ಒಕ್ಕಣೆ ಯಂತ್ರಕ್ಕೆ ಜಡೆ ಸಿಕ್ಕಿ ಮುಖವೇ ಕಿತ್ತುಬಂದಿದ್ದ ಬಾಲಕಿಗೆ ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಅಬ್ರಹಾಂ ಥಾಮಸ್ ಅದೇ ಮುಖವನ್ನು ಮರಳಿ ಜೋಡಿಸಿದರು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆನೆಲದಲ್ಲಿ ಜೋಳ, ಕಡಲೆಯ ರಾಶಿಗೆ ಯಂತ್ರ ಬಂದಿರುವಾಗ, ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುವಾಗ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ದಾರಿಗಳು ವಾಹನಗಳಿಂದ ಕಿಕ್ಕಿರಿದಿರುವಾಗ, ಅಂಥ ಅಪಘಾತ ದೂರದ ಸುದ್ದಿಯಲ್ಲ. ಕಿತ್ತೂರು ಬೆಳಗಾವಿ–ಧಾರವಾಡ ಹೆದ್ದಾರಿಯ ಮೇಲಿದೆ, ಅಲ್ಲಿಂದ ದೊಡ್ಡ ಆಸ್ಪತ್ರೆ ಬೇಗ ಸಿಗುತ್ತದೆ. ಆದರೆ ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿಲೋಮೀಟರ್. ಆದ್ದರಿಂದ ಸೂಕ್ಷ್ಮದರ್ಶಕದಡಿ ಏನಾಗಬಹುದೆಂಬುದು ಬಹುಪಾಲು ಹೊಲದಲ್ಲಿ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿಯೇ ತೀರ್ಮಾನವಾಗುತ್ತದೆ.

ತುಂಡಾದ ಮೂಗು, ಕಿವಿ, ತುಟಿಯ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಬರಿ ಮಂಜುಗಡ್ಡೆ ತಾಗಿದರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಗಾಯಕ್ಕೆ ಅರಿಶಿಣ, ಚಹಾಪುಡಿ ಮೆತ್ತಿದರೆ ವೈದ್ಯರು ಮೊದಲು ಅದನ್ನೇ ತೊಳೆದು ತೆಗೆಯಬೇಕಾಗುತ್ತದೆ. ಒಳಗುಳಿದ ಮಣ್ಣು, ಡಾಂಬರಿನ ಕಣಗಳು ಹಚ್ಚೆಯಂತೆ ಚರ್ಮದಲ್ಲಿ ನಿಂತುಬಿಡುತ್ತವೆ.

ಮುಖನರ ತುಂಡಾಗಿದೆಯೇ ಎಂದು ತಿಳಿಯಲು, ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುನ್ನ ಹುಬ್ಬೇರಿಸಲು, ಕಣ್ಣು ಬಿಗಿಯಾಗಿ ಮುಚ್ಚಲು, ಹಲ್ಲು ತೋರಿಸಲು ಹೇಳಿ ನೋಡುವುದಕ್ಕೆ ಒಂದು ನಿಮಿಷ ಸಾಕು, ಇಂಜೆಕ್ಷನ್ ಆದ ಮೇಲೆ ಆ ಪರೀಕ್ಷೆಗೆ ಅರ್ಥವಿಲ್ಲ. ಕಡಿದ ನರದ ಮುಂದಿನ ತುದಿ ಸುಮಾರು 72 ಗಂಟೆಗಳವರೆಗೆ ಮಾತ್ರ ವಿದ್ಯುತ್ ಪ್ರಚೋದನೆಗೆ ಸ್ಪಂದಿಸುತ್ತದೆ. ಆ ಅವಧಿ ಮೀರಿದರೆ ಅದನ್ನು ಹುಡುಕುವುದೇ ಕಷ್ಟ. ಆದರೆ ಕಣ್ಣಿನ ಹೊರಕೊನೆಗಿಂತ ಮೂಗಿನ ಕಡೆಗೆ ಕಡಿದ ಕವಲುಗಳು ತೀರ ಸಣ್ಣವು, ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅವುಗಳನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ.

ಜೋಡಿಸಿದ ನರವೂ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮಾತ್ರ ಬೆಳೆಯುವುದರಿಂದ, ಕಿವಿಯ ಬಳಿ ಹಾಕಿದ ಹೊಲಿಗೆಯ ಫಲ ತುಟಿಯ ಅಂಚಿನಲ್ಲಿ ಕಾಣಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಮುಚ್ಚದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ಕಾಯುವುದು ಮನೆಯವರ ಕೆಲಸ.