ಹೊಣೆ ಹೊರುವ ಜಾಣ್ಮೆ

ಸರ್ಕಾರದ ಕೆಲಸವೊಂದು ನೆಲಕಚ್ಚಿದಾಗ ನಾಯಕನೊಬ್ಬ ‘ಹೊಣೆ ನನ್ನದೇ’ ಎಂದರೆ ಜನರಲ್ಲಿ ಗೌರವ ಮೂಡುತ್ತದೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನೇ ಕಂಡ ಕಣ್ಣಿಗೆ ಅದು ದೊಡ್ಡತನ. ಆದರೆ ಈ ಮಾತಿನಿಂದ ಹೇಳಿದವನು ಕಳೆದುಕೊಂಡದ್ದೇನು?

1961ರ ಏಪ್ರಿಲ್ 17ರಂದು ಸುಮಾರು 1,400 ಮಂದಿ ಕ್ಯೂಬನ್ ದೇಶಾಂತರಿಗಳು ಫಿಡೆಲ್ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲೆಂದು ಕ್ಯೂಬಾದ ಪಿಗ್ಸ್ ಕೊಲ್ಲಿಯಲ್ಲಿ ಇಳಿದರು. ಅವರಿಗೆ ತರಬೇತಿ ಕೊಟ್ಟದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಯೋಜನೆ ಐಸೆನ್‌ಹೋವರ್ ಕಾಲದ್ದು. ಅಪ್ಪಣೆ ಕೊಟ್ಟವರು ಹೊಸ ಅಧ್ಯಕ್ಷ ಜಾನ್ ಕೆನಡಿ. ಮೂರೇ ದಿನಗಳಲ್ಲಿ ಎಲ್ಲ ಮುಗಿಯಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 1,200 ಮಂದಿ ಸೆರೆಸಿಕ್ಕರು.

ಏಪ್ರಿಲ್ 21ರ ಪತ್ರಿಕಾಗೋಷ್ಠಿಯಲ್ಲಿ ಕೆನಡಿ, ಗೆಲುವಿಗೆ ನೂರು ಅಪ್ಪಂದಿರು, ಸೋಲು ಮಾತ್ರ ತಬ್ಬಲಿ ಎಂಬ ಹಳೆಯ ಮಾತನ್ನು ನೆನಪಿಸಿ, ಸರ್ಕಾರದ ಹೊಣೆಗಾರ ತಾವೇ ಎಂದರು. ಅದರ ಬೆನ್ನಿಗೇ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ಶೇ. 83! ಸಂಕಟದ ಹೊತ್ತಿನಲ್ಲಿ ಜನ ನಾಯಕನ ಬೆನ್ನಿಗೆ ನಿಲ್ಲುವುದು ಸಹಜ. ಹೊಣೆ ಹೊತ್ತ ಮಾತು ಆ ಒಲವಿಗೆ ಇಂಬುಕೊಟ್ಟಿತು.

ಆದರೆ ಅದೇ ಗೋಷ್ಠಿಯಲ್ಲಿ ಕೆನಡಿ ಇನ್ನೊಂದು ಮಾತನ್ನೂ ಹೇಳಿದ್ದರು. ಕ್ಯೂಬಾ ವಿಷಯವನ್ನು ಮತ್ತಷ್ಟು ಕೆದಕುವುದರಿಂದ ದೇಶಕ್ಕೆ ಪ್ರಯೋಜನವಿಲ್ಲ ಎಂದು. ಅಂದರೆ ಹೊಣೆ ಹೊತ್ತದ್ದೂ ಆಯಿತು, ಪ್ರಶ್ನೆಗಳ ಬಾಗಿಲು ಮುಚ್ಚಿದ್ದೂ ಆಯಿತು. ಆ ವರ್ಷವೇ ಹುದ್ದೆ ಬಿಟ್ಟವರು ಸಿಐಎ ಮುಖ್ಯಸ್ಥ ಅಲೆನ್ ಡಲೆಸ್. ಸೆರೆಯಾಳುಗಳ ಬಿಡುಗಡೆಗೆ 1962ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅದಕ್ಕೆ ತೆತ್ತದ್ದು ಸುಮಾರು 5 ಕೋಟಿ 30 ಲಕ್ಷ ಡಾಲರ್ ಬೆಲೆಯ ಆಹಾರ, ಔಷಧ. ಸಿಐಎಯ ಆಂತರಿಕ ತನಿಖಾ ವರದಿ ಜನರ ಕೈಗೆ ಸಿಕ್ಕಿದ್ದು 1998ರಲ್ಲಿ.

ನಮ್ಮಲ್ಲಿ ‘ನೈತಿಕ ಹೊಣೆ’ ಎಂದೊಡನೆ ನೆನಪಾಗುವುದು ಲಾಲ್ ಬಹಾದ್ದೂರ್ ಶಾಸ್ತ್ರಿ. 1956ರ ನವೆಂಬರ್‌ನಲ್ಲಿ ಅರಿಯಲೂರಿನ ಬಳಿ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಮಂದಿ ಸತ್ತಾಗ ರೈಲ್ವೆ ಸಚಿವರಾಗಿದ್ದ ಅವರು ರಾಜೀನಾಮೆ ಕೊಟ್ಟರು. ಅಪಘಾತಕ್ಕೆ ಶಾಸ್ತ್ರಿ ಕಾರಣರಲ್ಲ, ಸಾಂವಿಧಾನಿಕ ಮರ್ಯಾದೆಯ ದೃಷ್ಟಿಯಿಂದ ರಾಜೀನಾಮೆ ಒಪ್ಪಿಕೊಳ್ಳುತ್ತಿರುವುದಾಗಿ ನೆಹರೂ ಸಂಸತ್ತಿಗೆ ತಿಳಿಸಿದರು. ಇದರಿಂದ ಶಾಸ್ತ್ರಿಯವರ ಹೆಸರೂ ಬೆಳೆಯಿತು, 1957ರಲ್ಲಿ ಅವರು ಮತ್ತೆ ಸಚಿವರಾದರು. ಆದರೂ ಕುರ್ಚಿ ಬಿಟ್ಟದ್ದು ನಿಜ.

ಹೊಣೆ ಹೊತ್ತವನು ರಾಜೀನಾಮೆಯನ್ನೇ ಕೊಡಬೇಕೆಂದಿಲ್ಲ. ಕಡತಗಳನ್ನು ತೆರೆದು, ತಪ್ಪಾದದ್ದು ಎಲ್ಲಿ ಎಂದು ತೋರಿಸಿ, ನೊಂದವರಿಗೆ ಪರಿಹಾರ ಕೊಟ್ಟರೂ ಸಾಕು. ಅದಾವುದೂ ಆಗದಿದ್ದರೆ, ಚಪ್ಪಾಳೆ ತಟ್ಟುವ ಮೊದಲು ನಾವು ಪ್ರಶ್ನೆ ಕೇಳುವುದನ್ನು ಮುಂದುವರಿಸಬೇಕು.