ಗೂಗಲ್ ಊರವನ ಅಂಗಡಿಯಲ್ಲಿ ಎಐ

ನನ್ನೂರು ಗೂಗಲ್. ಕಂಪನಿ ಅಲ್ಲ ಮಾರಾಯರೇ, ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆಯ ಮೇಲಿನ ಹಳ್ಳಿ, ಅಲ್ಲಮಪ್ರಭು ಗುಡಿಯ ಊರು. ದೇವದುರ್ಗದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಈಚೆಗೆ ಅಲ್ಲಿ ಎಐ ಸಹಾಯಕವೂ ಬಂದು ಕೂತಿದೆ.

ಮೊದಲ ವಾರವೇ ಮರ್ಯಾದೆ ಹೋಯಿತು. ನಮ್ಮ ಕಾಕಾ ಬಂದು, "ತಮ್ಮಾ, ರಾಯಚೂರಾಗ ಇವತ್ತ ಹತ್ತಿ ರೇಟ್ ಏನಾಗ್ಯದ ಕೇಳು ಅದಕ್ಕ" ಎಂದರು. ಅದು ತಡವರಿಸದೆ ಒಂದು ಅಂಕಿ ಹೇಳಿತು. ಕಾಕಾ ಎಪಿಎಂಸಿಯ ಗೆಳೆಯನಿಗೆ ಫೋನ್ ಹಚ್ಚಿದರೆ ಬೇರೆಯೇ ದರ. "ಹಳೇ ಪೇಪರ್ ಓದಿ ಹೇಳ್ತದ ಬಿಡು" ಅಂದರು. ನಿಜವೂ ಅದೇ. ಯಾವುದೋ ಒಂದು ದಿನದವರೆಗಿನ ಬರಹ ಓದಿ ಕಲಿತ ಯಂತ್ರ ಅದು. ಇವತ್ತಿನದು ತಿಳಿಯಬೇಕಾದರೆ ಯಾರಾದರೂ ತಂದುಕೊಡಬೇಕು.

ಮತ್ತೆ ತರಬೇತಿ ಕೊಡಿಸಿ ಎಂದವರಿದ್ದರು. ದಿನಕ್ಕೊಮ್ಮೆ ಬದಲಾಗುವ ದರಕ್ಕಾಗಿ ದಿನಾ ಶಾಲೆಗೆ ಕಳಿಸುವುದೇ? ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ, ಕೃಷಿ ಮಾರಾಟ ಇಲಾಖೆಯ ದರಪಟ್ಟಿ ಓದಿಕೊಡುವ ಪುಟ್ಟ ಪ್ರೋಗ್ರಾಂ ಬರೆದು ಅದಕ್ಕೆ ಜೋಡಿಸಿದ. ಜೋಡಿಸಿದ ಬಗೆಯ ಹೆಸರು ಎಂಸಿಪಿ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿ ಹೊರತಂದದ್ದು. ಮರುವರ್ಷ ಓಪನ್‌ಎಐ, ಆ ಇನ್ನೊಂದು ಗೂಗಲ್ ಕೂಡ ಒಪ್ಪಿಕೊಂಡವು. ಯಾವ ಕಂಪನಿಯ ಪೈಪಾದರೂ ಪಂಪ್‌ಸೆಟ್ಟಿಗೆ ಕೂರುವ ಒಂದೇ ಅಳತೆಯ ಜಾಯಿಂಟ್ ಇದ್ದಂತೆ. ಚಾಟ್‌ಜಿಪಿಟಿ 2023ರಲ್ಲಿ ತನ್ನದೇ ಪ್ಲಗಿನ್ ತಂದು ಮರುವರ್ಷ ಮುಚ್ಚಿತ್ತು. ನಂಬಿ ಕಟ್ಟಿದವರ ಶ್ರಮ ನೀರಿಗೆ ಹೋಯಿತು. ಹಾಗಾಗಿ ಜಾಯಿಂಟ್ ಎಲ್ಲರದ್ದಾಗಿರಬೇಕೆಂದು ನಾನೂ ಹಟ ಹಿಡಿದೆ.

371(ಜೆ) ಅರ್ಹತಾ ಪತ್ರದ ಮಾತೇ ಬೇರೆ. ಸಂವಿಧಾನದ 98ನೇ ತಿದ್ದುಪಡಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ಮೀಸಲಾತಿಯ ದಾಖಲೆ ಅದು. ಸೀಟು, ನೌಕರಿ ಎಂದು ಮಕ್ಕಳು ಸಾಲುಗಟ್ಟುತ್ತಾರೆ. ಅಲ್ಲಿ ಹೊರಗಿನಿಂದ ತರಬೇಕಾದ್ದೇನಿಲ್ಲ. ಯಾವ ಕಾಗದ ಮೊದಲು ನೋಡಬೇಕು, ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆ ಬೀಳದಿದ್ದರೆ ಏನು ಕೇಳಬೇಕು ಎಂಬ ನನ್ನ ಅನುಭವ ಸಾಕು. ಅದನ್ನು ಎರಡು ಪುಟ ಸರಳ ಕನ್ನಡದಲ್ಲಿ ಬರೆದಿಟ್ಟೆ. ಎಐ ಬೇಕಾದಾಗ ಮಾತ್ರ ತೆರೆದು ಓದುವ ಇಂಥ ಟಿಪ್ಪಣಿಗೆ ಈಗ 'ಸ್ಕಿಲ್' ಎನ್ನುತ್ತಾರೆ. ಖರ್ಚು ಒಂದು ಸಂಜೆ, ಎರಡು ಚಹಾ.

ಅರ್ಜಿಯನ್ನೂ ತಾನೇ ಸಲ್ಲಿಸುವ ಪುಕ್ಕಟೆ ಜೋಡಣೆಯೊಂದು ಸಿಕ್ಕಿತ್ತು. ಇಮೇಲ್, ಮೆಸೇಜ್ ಎಲ್ಲದರ ಕೀಲಿ ಕೇಳಿತು. ಬೇಡವೆಂದೆ. ಹೊರಗಿನ ಪುಟದಲ್ಲಿ ಯಾರೋ ಬರೆದಿಟ್ಟ ಮಾತನ್ನೂ ಯಜಮಾನನ ಅಪ್ಪಣೆ ಎಂದುಕೊಳ್ಳುವ ದೌರ್ಬಲ್ಯ ಈ ಯಂತ್ರಗಳಿಗಿದೆ. ನನ್ನ ಎಐ ಓದಬಹುದು, ಸಲ್ಲಿಸುವ ಗುಂಡಿ ಒತ್ತುವಂತಿಲ್ಲ. ಒಟಿಪಿಯಂತೂ ದೂರದ ಮಾತು.

ಈಗ ಅದು ದರದ ಜೊತೆ ತಾರೀಕನ್ನೂ ಹೇಳುತ್ತದೆ. ಕಾಕಾ ಕೇಳಿಸಿಕೊಂಡು ಮತ್ತೆ ಎಪಿಎಂಸಿಗೆ ಫೋನ್ ಹಚ್ಚುತ್ತಾರೆ. ಯಾಕೆಂದು ಕೇಳಿದರೆ, "ರೇಟಿಗಲ್ಲೋ, ಅವನ ಜೋಡಿ ಮಾತಾಡ್ಲಿಕ್ಕ" ಅನ್ನುತ್ತಾರೆ.